ಗಲ್ಲಾಪೆಟ್ಟಿಗೆ: ಬಿಲ್ಲಿನಲ್ಲಿ ಬಾರದ ರೂಪಾಯಿ

ಹೋದ ಸಂಚಿಕೆಯಲ್ಲಿ ಬನ್ಸಿನ ಹಿಟ್ಟು ಏಕೆ ಹುಳಿ ಬರುತ್ತದೆ ಎಂದು ಬರೆಯುತ್ತಾ, ‘ಮಾಲ್‌ನ ಅಗ್ಗದ ಬರ್ಗರಿಗೆ ಉಳಿದ ಹಣವನ್ನು ಬೇರೆ ಯಾರೋ ಕೊಡುತ್ತಿರುತ್ತಾರೆ’ ಎಂದು ನಡುವೆ ಒಂದು ಸಾಲು ಸೇರಿಸಿದ್ದೆ. ಬನ್ಸನ್ನು ಎಲ್ಲರೂ ಮರೆತರು. ಬಂದ ಪತ್ರಗಳೆಲ್ಲ ಆ ಒಂದು ಸಾಲಿಗೇ. ಆದ್ದರಿಂದ ಈ ತಿಂಗಳು ಅವಕ್ಕೆ ಮಾತ್ರ ಉತ್ತರ. ನಾನು ವೈದ್ಯನಲ್ಲ, ಅರ್ಥಶಾಸ್ತ್ರ ಓದಿದವನೂ ಅಲ್ಲ. ಉಡುಪಿಯಲ್ಲಿ 31 ವರ್ಷ ಗಲ್ಲಾದಲ್ಲಿ ಕುಳಿತವನು, ಅದಕ್ಕೂ ಮೊದಲು ಮುಂಬಯಿಯಲ್ಲಿ ಟೇಬಲ್ ಒರೆಸಿದವನು. ಕೊಲೆಸ್ಟರಾಲ್ ಎಷ್ಟಿರಬೇಕು ಎಂದು ನನ್ನನ್ನು ಕೇಳಬೇಡಿ. ಒಂದು ಪ್ಲೇಟಿನ ಹಿಂದೆ ಯಾರ್ಯಾರ ದುಡ್ಡು ಇದೆ ಎಂದು ಕೇಳಿದರೆ ಹೇಳಬಲ್ಲೆ.

ಪ್ರ: ರಾಯರೇ, ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ವಾರಕ್ಕೆ ಮೂರು ಸಲ ಮಾಲ್‌ನಲ್ಲಿ ಬರ್ಗರ್. ಬೈದರೆ, ‘99 ರೂಪಾಯಿಗೆ ಕೋಳಿಯೇ ಸಿಗುತ್ತದೆ, ಮನೆಯಲ್ಲಿ ಕೋಳಿ ಪದಾರ್ಥ ಮಾಡಲು ಎಷ್ಟಾಗುತ್ತದೆ ಲೆಕ್ಕ ಹಾಕಿ’ ಎನ್ನುತ್ತಾನೆ. ಲೆಕ್ಕ ಹಾಕಿದೆ, ಸೋತೆ. ಅವರಿಗೆ ಅಷ್ಟಕ್ಕೆ ಹೇಗೆ ಪೂರೈಸುತ್ತದೆ?
— ಗೃಹಿಣಿ, ಸುರತ್ಕಲ್

ಉ: ಅಮ್ಮಾ, ಮಗನ ಲೆಕ್ಕ ತಪ್ಪಿಲ್ಲ, ಅರ್ಧಕ್ಕೆ ನಿಂತಿದೆ. ನಿಮ್ಮದು ನಾಲ್ಕು ಜನ ಎರಡು ಹೊತ್ತು ಉಣ್ಣುವ ಒಂದು ಪಾತ್ರೆ ಪದಾರ್ಥ. ಅವನು ತಿಂದದ್ದು ಅಂಗೈಯಗಲದ ಒಂದು ಬಿಲ್ಲೆ. ಹೋಲಿಕೆಯೇ ಸರಿಯಿಲ್ಲ.

ಅದಲ್ಲದೆ ಆ 99 ರೂಪಾಯಿ ಎಂಬುದು ಗಾಳಕ್ಕೆ ಸಿಕ್ಕಿಸಿದ ಎರೆ. ಕಳೆದ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮಂಗಳೂರಿನ ಮಾಲ್ ಒಂದಕ್ಕೆ ಹೋಗಿದ್ದೆ. ಒಂದು ಆಲೂ ಬರ್ಗರ್ ಕೇಳಿದೆ. ಗಲ್ಲಾದ ಹುಡುಗ ನಗುತ್ತಾ, ‘ಅಂಕಲ್, ಇನ್ನು 90 ರೂಪಾಯಿ ಹಾಕಿದರೆ ಫ್ರೈಸ್, ಕೂಲ್‌ಡ್ರಿಂಕ್ ಎರಡೂ ಬರುತ್ತವೆ’ ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಮಸಾಲೆ ದೋಸೆ ತಿಂದು ಏಳುವವರಿಗೆಲ್ಲ ‘ಕಾಫಿ ತರಲೇ?’ ಎಂದು ಕೇಳಬೇಕು ಎಂದು ನನ್ನ ಸಪ್ಲಾಯರ್‌ಗಳಿಗೆ ಪಾಠ ಹೇಳಿದವನು ನಾನು. ದೋಸೆಯಲ್ಲಿ ಉಳಿಯದ ಹಣ ಕಾಫಿಯಲ್ಲಿ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ. ಆ ಕಾಗದದ ಪೊಟ್ಟಣದ ಫ್ರೈಸಿಗೆ ಹಸಿ ಆಲೂಗಡ್ಡೆ ಕಾಲು ಕಿಲೋಗಿಂತ ಹೆಚ್ಚು ಬೇಕಿಲ್ಲ. ಸಂತೆಯಲ್ಲಿ ಅದಕ್ಕೆ ಹತ್ತು ರೂಪಾಯಿ. ಕೂಲ್‌ಡ್ರಿಂಕ್ ಎಂದರೆ ಸಿರಪ್, ನೀರು, ಗ್ಯಾಸು, ಅರ್ಧ ಲೋಟ ಮಂಜುಗಡ್ಡೆ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಆರು ಚಮಚಕ್ಕೂ ಹೆಚ್ಚು. ದಿನವಿಡೀ ತಿನ್ನುವ ಇಂಥ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ಹೋಟೆಲಿನಲ್ಲಿ ಒಂದು ಲೋಟ ಕಾಫಿಗೆ ಆರು ಚಮಚ ಸಕ್ಕರೆ ಹಾಕಿದ್ದರೆ ಗಿರಾಕಿಗಳು ಅದನ್ನು ನನ್ನ ಮುಖಕ್ಕೇ ಎರಚುತ್ತಿದ್ದರು. ತಣ್ಣಗಿದ್ದು ಹುಳಿಯೂ ಸೇರಿದರೆ ನಾಲಿಗೆ ಮೋಸಹೋಗುತ್ತದೆ.

ಈಗ ಬಿಲ್ಲಿನಲ್ಲಿ ಬಾರದ ಬಾಬ್ತುಗಳು. ನಾನು ಕೋಳಿ ತಿನ್ನುವವನಲ್ಲ, ಆದರೆ ಕಾರ್ಕಳದ ಕಡೆ ನನ್ನ ತಂಗಿಯ ಮನೆಯ ಪಕ್ಕದಲ್ಲಿ ಕೋಳಿ ಫಾರ್ಮು ಇದೆ. ಮರಿ ಕಂಪನಿಯದು, ಆಹಾರ ಕಂಪನಿಯದು, ಔಷಧ ಕಂಪನಿಯದು. ಶೆಡ್ಡು, ಶೆಡ್ಡಿನ ಸಾಲ, ಕರೆಂಟು ಬಿಲ್ಲು, ರಾತ್ರಿಯ ನಿದ್ದೆಗೇಡು ಸಾಕುವವರದು. ನಲವತ್ತು ದಿನಗಳ ಆಸುಪಾಸಿನಲ್ಲಿ ಮರಿ ಎರಡು ಕಿಲೋ ತೂಗುತ್ತದೆ, ಲಾರಿ ಬರುತ್ತದೆ, ಕಿಲೋಗೆ ಇಷ್ಟು ಎಂದು ಸಾಕಿದ ಕೂಲಿ ಸಿಗುತ್ತದೆ. ಏಪ್ರಿಲ್ ಸೆಕೆಗೆ ಮರಿಗಳು ಸತ್ತರೆ ಆ ಕೂಲಿಯೂ ಇಳಿಯುತ್ತದೆ. ನೊಣಗಳು ಮಾತ್ರ ತಂಗಿಯ ಮನೆಯ ಪಾಲು. ಅವಳು ಅನ್ನದ ಬಟ್ಟಲಿಗೆ ಒಂದು ಕೈ ಅಡ್ಡ ಹಿಡಿದು ಇನ್ನೊಂದು ಕೈಯಲ್ಲಿ ಉಣ್ಣುವುದನ್ನು ಕಲಿತಿದ್ದಾಳೆ. ಕೋಳಿ ಬೇಗ ಬೆಳೆಯಲೆಂದು ಆಹಾರಕ್ಕೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸುವ ಪದ್ಧತಿಯೂ ನಮ್ಮ ದೇಶದಲ್ಲಿ ಇತ್ತು. ಬೇರೆ ಯಾವ ಮದ್ದೂ ನಾಟದ ರೋಗಿಗೆಂದು ವೈದ್ಯರು ಕಾದಿಡುವ ಮದ್ದು ಅದು. 2019ರ ಜುಲೈಯಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಿತು.

ನಿಮ್ಮ ಸುರತ್ಕಲ್ಲಿಗೆ ಪಣಂಬೂರು ಹತ್ತಿರವೇ. ಅಲ್ಲಿನ ಬಂದರಿಗೆ ಹಡಗಿನಲ್ಲಿ ಬರುವ ಸರಕುಗಳಲ್ಲಿ ತಾಳೆ ಎಣ್ಣೆಯೂ ಒಂದು. ಹೋಟೆಲಿನವರ ಬಾಯಲ್ಲಿ ಅದು ಪಾಮೋಲಿನ್. ಬಾಣಲೆಯಲ್ಲಿ ಚೆನ್ನಾಗಿ ತಾಳುತ್ತದೆ, ಸಾಮಾನ್ಯವಾಗಿ ಅಗ್ಗವೂ ಹೌದು. ಬರ್ಗರ್ ಅಂಗಡಿಯಿಂದ ಗೋಬಿ ಗಾಡಿಯವರೆಗೆ ಕರಿಯುವವರ ಕಣ್ಣು ಅದರ ಮೇಲೆ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು, ತಾಳೆ ಎಣ್ಣೆಯಂತೂ ಮುಖ್ಯವಾಗಿ ಇಂಡೋನೇಷ್ಯಾ ಮತ್ತು ಮಲೇಷ್ಯಾದ್ದು. ಸುಮಾತ್ರ, ಬೋರ್ನಿಯೊ ದ್ವೀಪಗಳಲ್ಲಿ ಕಾಡು ಕಡಿದು ತಾಳೆ ತೋಟ ಎಬ್ಬಿಸಿದ್ದಾರೆ. ಹೋದ ಕಾಡಿನ ಬೆಲೆಯನ್ನು ಎಣ್ಣೆಯ ಟಿನ್ನಿನ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಮೂರು ವಾರಗಳಷ್ಟು ರಫ್ತು ನಿಲ್ಲಿಸಿದಾಗ ಉಡುಪಿಯ ಚಿಕ್ಕ ಹೋಟೆಲಿನ ಗೆಳೆಯರು ನನಗೆ ಫೋನು ಮಾಡಿ ಗೋಳಾಡಿದರು. ರಥಬೀದಿಯ ಬಾಣಲೆ ಎಲ್ಲಿಗೆ ಕಟ್ಟಿಕೊಂಡಿದೆ ಎಂದು ಅವತ್ತು ತಿಳಿಯಿತು.

ಇನ್ನು ಕೂಲಿ. ಈ ಧಂದೆ ಹುಟ್ಟಿದ ಅಮೆರಿಕದಲ್ಲಿ ಅದರ ಲೆಕ್ಕವನ್ನೂ ತೆಗೆದಿದ್ದಾರೆ. 2013ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಂಡದ್ದು: ಫಾಸ್ಟ್ ಫುಡ್ ಅಂಗಡಿಗಳಲ್ಲಿ ಬೇಯಿಸಿ ಬಡಿಸುವ ಕೆಲಸಗಾರರ ಕುಟುಂಬಗಳಲ್ಲಿ ನೂರಕ್ಕೆ 52, ಸರಕಾರದ ಯಾವುದಾದರೊಂದು ನೆರವಿನ ಯೋಜನೆಯಲ್ಲಿವೆ. ಅದಕ್ಕೆ ತೆರಿಗೆದಾರರ ಹಣ ವರ್ಷಕ್ಕೆ ಸುಮಾರು 700 ಕೋಟಿ ಡಾಲರ್. ಬರ್ಗರನ್ನು ಮೂಸಿಯೂ ನೋಡದವನು ಅಲ್ಲಿ ಬರ್ಗರಿಗೆ ಹಣ ಕಟ್ಟುತ್ತಿದ್ದಾನೆ. 2023ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇನ್ನೂ ದೊಡ್ಡ ಮೊತ್ತ ಹೇಳಿತು: ಜಗತ್ತಿನ ಆಹಾರ ವ್ಯವಸ್ಥೆಯಲ್ಲಿ ಬೆಲೆಯೊಳಗೆ ಸೇರದೆ ಉಳಿಯುವ ವೆಚ್ಚ ವರ್ಷಕ್ಕೆ 10 ಲಕ್ಷ ಕೋಟಿ ಡಾಲರ್‌ಗೂ ಹೆಚ್ಚು, ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪಾಲು ಕೆಟ್ಟ ಆಹಾರದಿಂದ ಬರುವ ಕಾಯಿಲೆ ಮತ್ತು ಅದರಿಂದ ಕೆಲಸಕ್ಕೆ ಆಗುವ ನಷ್ಟದ್ದು. ಇಷ್ಟೂ ಬರ್ಗರ್ ಒಂದರ ಪಾಪವಲ್ಲ, ನಮ್ಮ ಅನ್ನ-ಸಕ್ಕರೆಯ ಪಾಲೂ ಇದೆ ಎಂಬುದನ್ನು ಹೇಳಿಬಿಡಬೇಕು.

ಮಗನಿಗೆ ಬೈಯಬೇಡಿ. ವಾರಕ್ಕೆ ಮೂರನ್ನು ಒಂದು ಮಾಡಲಿ, ಆ ಒಂದು ಸಲವೂ ಕೂಲ್‌ಡ್ರಿಂಕ್ ಬೇಡ ಎನ್ನಲಿ. ಅಂಗಡಿಯವನ ಮುಖ ಸಪ್ಪೆಯಾಗುವುದನ್ನು ಅವನೇ ನೋಡುತ್ತಾನೆ.

ಪ್ರ: ಗೋಳಿಬಜೆ ಕೂಡ ಫಾಸ್ಟ್ ಫುಡ್ ಅಲ್ಲವೇ? ಮೈದಾ, ಎಣ್ಣೆ, ಐದು ನಿಮಿಷ. ಊರಿನದು ಎಂದು ರಿಯಾಯಿತಿ ಕೊಡುತ್ತೀರಾ?
— ವಿದ್ಯಾರ್ಥಿ, ಮಣಿಪಾಲ

ಉ: ಕೊಡುವುದಿಲ್ಲ. ಗೋಳಿಬಜೆ ಫಾಸ್ಟ್ ಫುಡ್ಡೇ. ಗಿರಾಕಿ ಕುಳಿತ ಎರಡು ನಿಮಿಷಕ್ಕೆ ಟೇಬಲ್ಲಿಗೆ ಪ್ಲೇಟು ಬರಬೇಕು ಎಂಬುದನ್ನು ಮುಂಬಯಿಗೆ ಕಲಿಸಿದ್ದೇ ನಮ್ಮ ಉಡುಪಿ ಹೋಟೆಲುಗಳು. ಆ ಎರಡು ನಿಮಿಷ ಎಲ್ಲಿಂದ ಬರುತ್ತಿತ್ತು ಎಂದು ಕೇಳು, ಹೇಳುತ್ತೇನೆ.

1970ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಬ್ರಹ್ಮಾವರದಲ್ಲಿ ಬಸ್ಸು ಹತ್ತಿದೆ. ಕೊಂಕಣ ರೈಲು ಆಗ ಇನ್ನೂ ಬಂದಿರಲಿಲ್ಲ. ಮುಂಬಯಿಯ ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಕ್ಲೀನರ್ ಕೆಲಸ. ಬೆಳಿಗ್ಗೆ ಐದಕ್ಕೆ ಏಳುವುದು, ರಾತ್ರಿ ಶಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿ ಮಲಗುವುದು. ತಿಂಗಳಿಗೆ 12 ರೂಪಾಯಿ, ಊಟ, ದೀಪಾವಳಿಗೆ ಒಂದು ಜೊತೆ ಅಂಗಿ-ಚಡ್ಡಿ. ಹೆಸರಿಲ್ಲ, ಎಲ್ಲರೂ ಕರೆಯುವುದು ‘ಮಾಣಿ’ ಎಂದೇ. ಸೋಡಾ ಪುಡಿಯ ನೀರಿಗೆ ಬೆರಳ ಸಂದು ಬಿರಿದು, ಚಟ್ನಿಯ ಖಾರ ತಾಗಿದರೆ ಕಣ್ಣಲ್ಲಿ ನೀರು. ವಾರಕ್ಕೆ ಮೂರು ರಾತ್ರಿ ಕನ್ನಡ ರಾತ್ರಿ ಶಾಲೆಗೆ ಬಿಡುತ್ತಿದ್ದರು, ಅಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ್ದೇ ಹೆಚ್ಚು. ಧಣಿಗಳು ಕೆಟ್ಟವರಲ್ಲ. ಅವರೂ ಹಾಗೆಯೇ ಬಸ್ಸು ಹತ್ತಿ ಬಂದವರು, ಜ್ವರ ಬಂದಾಗ ಅವರ ಹೆಂಡತಿ ಗಂಜಿ ಬೇಯಿಸಿಕೊಟ್ಟಿದ್ದಾರೆ.

2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವಂತಿಲ್ಲ ಎಂಬ ನಿಯಮ ಬಂತು. ಆಗ ನಾನು ಉಡುಪಿಯಲ್ಲಿ ಗಲ್ಲಾದ ಯಜಮಾನ. ಹೋಟೆಲಿನವರು ನಾಲ್ಕು ಜನ ಸೇರಿ ಮಾತನಾಡುತ್ತಿದ್ದಾಗ ಒಬ್ಬರು, ‘ಇನ್ನು ದೊಡ್ಡವರಿಗೇ ಸಂಬಳ ಕೊಡಬೇಕು, ಇಡ್ಲಿಗೆ ಎರಡು ರೂಪಾಯಿ ಏರಿಸದೆ ಗತಿಯಿಲ್ಲ’ ಎಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು: ಹಾಗಾದರೆ ಇಷ್ಟು ವರ್ಷ ಆ ಎರಡು ರೂಪಾಯಿಯನ್ನು ಗಿರಾಕಿಯ ಪರವಾಗಿ ಕೊಡುತ್ತಿದ್ದವರು ನನ್ನಂಥ ಮಾಣಿಗಳು.

ಮಾಲ್‌ನ ಬರ್ಗರಿಗೆ ಬೈಯುವ ಹೋಟೆಲಿನವರು ಸಿಕ್ಕಿದರೆ ಇದನ್ನು ಓದಿ ಹೇಳು. ಗೋಳಿಬಜೆಯ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ: ಬಾಣಲೆ ನಿನ್ನ ಕಣ್ಣೆದುರಿಗೆ ಇರುತ್ತದೆ, ಎಣ್ಣೆ ಕಪ್ಪಾಗಿದ್ದರೆ ಎದ್ದು ಹೋಗಬಹುದು.

ಪ್ರ: ಚಿಕ್ಕ ಮೆಸ್ ನಡೆಸುತ್ತೇನೆ. ನನ್ನಲ್ಲಿ 80 ರೂಪಾಯಿಯ ಊಟ ಆ್ಯಪ್‌ನಲ್ಲಿ 110 ತೋರಿಸುತ್ತದೆ. ಹಾಸ್ಟೆಲ್ ಹುಡುಗರು ನನ್ನನ್ನೇ ಕಳ್ಳಿ ಎನ್ನುತ್ತಾರೆ. ಏನು ಹೇಳಲಿ?
— ಹೆಸರು ಬೇಡ, ಮಣಿಪಾಲ

ಉ: ಅಕ್ಕಾ, ಬಾಯಲ್ಲಿ ಹೇಳಬೇಡಿ, ಗೋಡೆಯ ಮೇಲೆ ಬರೆದು ಅಂಟಿಸಿ. ಈ ಕಂಪನಿಗಳ ಕಮಿಷನ್ ನೂರಕ್ಕೆ ಹದಿನೈದರಿಂದ ಮೂವತ್ತರವರೆಗೂ ಹೋಗುತ್ತದೆ. ನಿಮ್ಮದು 25 ಎಂದುಕೊಳ್ಳಿ. 110ರಲ್ಲಿ 27.50 ಹೋಯಿತು, ಉಳಿದದ್ದು 82.50. ಡಬ್ಬ, ಚಮಚ, ಸಾರಿನ ಪೊಟ್ಟಣ, ಚೀಲ ಸೇರಿ ಎಂಟು ರೂಪಾಯಿ ಕಳೆಯಿರಿ. ಎದುರಿಗೆ ಕುಳಿತು ಉಣ್ಣುವವನು 80 ಕೊಡುತ್ತಾನೆ, ಆ್ಯಪ್‌ನವನಿಂದ ನಿಮಗೆ ಸಿಗುವುದು 74.50. ಕಳ್ಳಿ ಯಾರು ಎಂದು ಹುಡುಗರೇ ತೀರ್ಮಾನಿಸಲಿ.

ನನ್ನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಸಪ್ಲಾಯರ್ ಆಗಿದ್ದವನ ಮಗ ಈಗ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಹೋದ ಜುಲೈ ಮಳೆಯಲ್ಲಿ ಇಂದ್ರಾಳಿಯ ಹತ್ತಿರ ಬೈಕು ಜಾರಿ ಮಣಿಕಟ್ಟು ಮುರಿಯಿತು. ಚೆಲ್ಲಿದ ಬಿರಿಯಾನಿಯ ಹಣ ಗಿರಾಕಿಗೆ ಅದೇ ರಾತ್ರಿ ವಾಪಸಾಯಿತು. ಇವನ ಆರು ವಾರದ ಸಂಪಾದನೆ ಯಾರಿಂದಲೂ ವಾಪಸಾಗಲಿಲ್ಲ. ಪೆಟ್ರೋಲು ಅವನದು, ಬೈಕಿನ ಕಂತು ಅವನದು, ಮಳೆಕೋಟೂ ಅವನದು. ಅವನ ಅಪ್ಪನ ಕೈಗೆ ನನ್ನ ಅಡುಗೆಮನೆಯಲ್ಲಿ ಬಿಸಿ ಸಾಂಬಾರು ಬಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನು, ಕೈ ವಾಸಿಯಾಗುವವರೆಗೆ ಗಲ್ಲಾದ ಪಕ್ಕ ಕೂರಿಸಿ ಸಂಬಳ ಕೊಟ್ಟೆ. ದೊಡ್ಡತನವೆಂದು ಹೇಳುತ್ತಿಲ್ಲ, ನಾಳೆ ಬೆಳಿಗ್ಗೆ ಅವನ ಮುಖ ನೋಡಬೇಕಿತ್ತು. ಮೊಬೈಲಿನೊಳಗಿನ ಧಣಿಗೆ ಆ ಕಷ್ಟವಿಲ್ಲ. 2025ರಲ್ಲಿ ನಮ್ಮ ರಾಜ್ಯ ಇಂಥ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿದೆ. ಪ್ರತಿ ಕೆಲಸಕ್ಕೆ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಆ ಶುಲ್ಕ ಬಿಲ್ಲಿನಲ್ಲಿ ನಿಮ್ಮ ಹುಡುಗರಿಗೆ ಕಂಡರೆ ಗೊಣಗುತ್ತಾರೆ, ನೋಡುತ್ತಿರಿ.

ನಡೆದು ಬರುವಷ್ಟು ದೂರದವರು ನಡೆದೇ ಬರಲಿ. ಸ್ಟೀಲಿನ ಬುತ್ತಿ ತಂದವರಿಗೆ ಐದು ರೂಪಾಯಿ ಬಿಡಿ, ನಿಮಗೇ ಲಾಭ.

ಪ್ರ: ಗೋಬಿ ಗಾಡಿ ಇಟ್ಟಿದ್ದೇನೆ. ಬಣ್ಣ ಹಾಕದಿದ್ದರೆ ಗಿರಾಕಿ ನಿಲ್ಲುವುದಿಲ್ಲ, ದಿನಾ ಎಣ್ಣೆ ಬದಲಿಸಿದರೆ ಪೂರೈಸುವುದಿಲ್ಲ. ದೊಡ್ಡವರನ್ನು ಬಿಟ್ಟು ನಮ್ಮಂಥವರನ್ನೇ ಹಿಡಿಯುವುದು ಏಕೆ?
— ಗಾಡಿಯವನು, ಪಡುಬಿದ್ರಿ

ಉ: ಕೊನೆಯ ಪ್ರಶ್ನೆಯಲ್ಲಿ ನ್ಯಾಯವಿದೆ, ಮೊದಲಿನದರಲ್ಲಿ ಇಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸುವ ಮುನ್ನ 171 ಮಾದರಿಗಳನ್ನು ಪರೀಕ್ಷಿಸಿತ್ತು. 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತು. ಆ ಸಮೀಕ್ಷೆಯಲ್ಲಿ ಬೊಂಬಾಯಿ ಮಿಠಾಯಿಯನ್ನೂ ಸೇರಿಸಿ ಸಿಕ್ಕಿದ ಬಣ್ಣಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಕೂಡ ಇತ್ತು. ಅದೇ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ತಪ್ಪಿದರೆ ಜೈಲು, ಲಕ್ಷಗಟ್ಟಲೆ ದಂಡ. ಹತ್ತು ರೂಪಾಯಿಯ ಬಣ್ಣದ ಪುಡಿಗೆ ಇದು ದುಬಾರಿ.

ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನ ಬೀಜ ಉದುರಿಸಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ಅರೆದು ಹಿಟ್ಟಿಗೆ ಕಲಸು. ಕುಂದಾಪುರದವರು ಘೀ ರೋಸ್ಟಿಗೆ ಯಾವ ಡಬ್ಬದ ಬಣ್ಣ ಹಾಕುತ್ತಾರೆ? ಖರ್ಚು ಪ್ಲೇಟಿಗೆ ಎರಡು ಮೂರು ರೂಪಾಯಿ ಹೆಚ್ಚಾದೀತು. ಏರಿಸು, ‘ಬಣ್ಣವಿಲ್ಲ’ ಎಂದು ಬೋರ್ಡು ಹಾಕು.

ಎಣ್ಣೆಯ ವಿಷಯಕ್ಕೆ ನಿನಗೆ ಬುದ್ಧಿ ಹೇಳುವ ಮೊದಲು ನನ್ನದೊಂದು ಹೇಳಬೇಕು. ತೊಂಬತ್ತರ ದಶಕದಲ್ಲಿ ನನ್ನ ಹೋಟೆಲಿನ ಸಂಜೆಯ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಟಿನ್ನಿಗೆ ತುಂಬಿಸಿಡುತ್ತಿದ್ದೆವು. ಬಸ್ ನಿಲ್ದಾಣದ ಹತ್ತಿರದ ಒಂದು ಗಾಡಿಯವನು ಅರ್ಧ ಬೆಲೆಗೆ ಕೊಂಡೊಯ್ಯುತ್ತಿದ್ದ. ‘ನಮ್ಮಲ್ಲಿ ದಿನವೂ ಹೊಸ ಎಣ್ಣೆ’ ಎಂದು ನಾನು ಎದೆತಟ್ಟಿ ಹೇಳುತ್ತಿದ್ದೆ, ಸುಳ್ಳೂ ಅಲ್ಲ. ಹಳೆಯದನ್ನು ತಿನ್ನುತ್ತಿದ್ದವರು ನನ್ನ ಹೋಟೆಲಿಗೆ ಬರಲು ಕಾಸಿಲ್ಲದ ಹಮಾಲಿಗಳು, ಕಾಲೇಜು ಹುಡುಗರು. ಏಳೆಂಟು ವರ್ಷ ಹೀಗೆ ನಡೆಯಿತು. ನಿಲ್ಲಿಸಿದ್ದು ಪಶ್ಚಾತ್ತಾಪದಿಂದಲ್ಲ, ಗಾಡಿಯವನು ಊರು ಬಿಟ್ಟ ಕಾರಣಕ್ಕೆ.

ಈಗ ನಿಯಮ ಬಂದಿದೆ. ಕರಿದ ಎಣ್ಣೆಯಲ್ಲಿ ‘ಟೋಟಲ್ ಪೋಲಾರ್ ಕಾಂಪೌಂಡ್’ ಎಂಬ ಕೆಟ್ಟ ಅಂಶ ನೂರಕ್ಕೆ 25 ದಾಟಿದರೆ ಬಳಸಬಾರದು. 2018ರ ಜುಲೈಯಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ದೊಡ್ಡವರು 2019ರ ಮಾರ್ಚ್‌ನಿಂದ ಲೆಕ್ಕ ಬರೆದಿಟ್ಟು, ಹಳೆಯದನ್ನು ಬಯೋಡೀಸೆಲ್ ಮಾಡುವವರಿಗೆ ತಲುಪಿಸುವ ಅಧಿಕೃತ ಸಂಗ್ರಾಹಕರಿಗೆ ಕೊಡಬೇಕು. ನಿನ್ನ ಬಳಿ ಅಳೆಯುವ ಯಂತ್ರ ಇರುವುದಿಲ್ಲ. ಬಾಣಲೆಯ ಅಂಚಿನಲ್ಲಿ ನೊರೆ ಎದ್ದು ಇಳಿಯದಿದ್ದರೆ, ಹೂಕೋಸು ಹಾಕುವ ಮೊದಲೇ ಹೊಗೆ ಬಂದರೆ, ಸೌಟಿನಿಂದ ಎತ್ತಿ ಸುರಿದಾಗ ಪಾಕದ ಹಾಗೆ ಎಳೆ ಬಂದರೆ ಆ ಎಣ್ಣೆಯ ಆಯುಸ್ಸು ಮುಗಿಯಿತು. ಚಿಕ್ಕ ಬಾಣಲೆ ಇಟ್ಟುಕೋ. ಕಡಿಮೆ ಎಣ್ಣೆ ಸುರಿದರೆ ಎಸೆಯುವುದೂ ಕಡಿಮೆ. ಅರ್ಧ ಬೆಲೆಗೆ ಎಣ್ಣೆ ಕೊಡುತ್ತೇನೆ ಎಂದು ಬರುವ ಹೋಟೆಲಿನವರನ್ನು ಮಾತ್ರ ಹತ್ತಿರ ಸೇರಿಸಬೇಡ.

ಪ್ರ: ಪಾರ್ಸೆಲ್ ಬಂದ ಪ್ಲಾಸ್ಟಿಕ್ ಡಬ್ಬಗಳನ್ನು ತೊಳೆದು ಸಾಸಿವೆ, ಮೆಂತೆ ತುಂಬಿಸಿಡುತ್ತೇನೆ. ಗಂಡ ನಗುತ್ತಾರೆ. ನಾನು ಮಾಡುವುದು ತಪ್ಪೇ?
— ಓದುಗಿ, ಕುಲಶೇಖರ

ಉ: ಸಾಸಿವೆಗೆ ಸರಿ, ಬಿಸಿ ಸಾರಿಗೆ ಬೇಡ. ಆದರೆ ಅಮ್ಮಾ, ಮೂವತ್ತನೆಯ ಡಬ್ಬದಲ್ಲಿ ಏನು ತುಂಬುತ್ತೀರಿ? ನಿಮ್ಮ ಮನೆಗೆ ಪಚ್ಚನಾಡಿ ದೂರವಿಲ್ಲ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡ ಜರಿದು ಮಂದಾರದ ತೋಟ-ಮನೆಗಳ ಮೇಲೆ ಹರಿದದ್ದು ನಿಮಗೆ ನನಗಿಂತ ಚೆನ್ನಾಗಿ ನೆನಪಿರಬೇಕು. ಅಡಿಕೆ ಮರಗಳ ನಡುವೆ ಕಸ ನಿಂತಿತ್ತು, ಕುಟುಂಬಗಳು ಮನೆ ಬಿಟ್ಟವು. ಆ ಗುಡ್ಡದಲ್ಲಿ ನನ್ನ ಹೋಟೆಲಿನ ಪಾರ್ಸೆಲ್ ಇರಲಿಲ್ಲ, ನಮ್ಮ ಕಸ ಅಲೆವೂರಿನ ಕಡೆ ಹೋಗುತ್ತದೆ. ಹಾಗೆಂದು ಮೂಗು ಮೇಲೆತ್ತುವಂತಿಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ತಟ್ಟೆ, ಸ್ಟ್ರಾಗಳಿಗೆ ದೇಶವ್ಯಾಪಿ ನಿಷೇಧವಿದೆ, ಮುಚ್ಚಳದ ಡಬ್ಬ ಆ ಪಟ್ಟಿಯಲ್ಲಿಲ್ಲ. ಗಂಡನ ಕೈಯಲ್ಲಿ ಒಂದು ಬುತ್ತಿ ಕೊಟ್ಟು ಹೋಟೆಲಿಗೆ ಕಳುಹಿಸಿ. ನಗು ನಿಲ್ಲುತ್ತದೆ.

ಪ್ರ: ಅಜ್ಜಾ, ನಿಮಗೆ ಫ್ರೈಸ್ ಇಷ್ಟವೋ ಗೋಳಿಬಜೆಯೋ? ಸತ್ಯ ಹೇಳಬೇಕು.
— ಆರನೆಯ ತರಗತಿ, ಕಟಪಾಡಿ

ಉ: ಬಿಸಿ ಇರುವ ಮೊದಲ ಮೂರು ನಿಮಿಷ ಫ್ರೈಸ್. ಮೊಮ್ಮಗಳ ಪಾಲಿನಿಂದಲೂ ಕದ್ದು ತಿಂದೆ, ಕೈ ನಿಲ್ಲಲಿಲ್ಲ. ನನ್ನದೊಬ್ಬನದೇ ಚಾಪಲ್ಯವಲ್ಲವಂತೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಇಪ್ಪತ್ತು ಜನರನ್ನು ಕೂಡಿಹಾಕಿ, ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸು, ಎರಡು ವಾರ ಮಾಮೂಲಿ ಅಡುಗೆ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಸಿದ್ಧ ತಿನಿಸಿನ ವಾರಗಳಲ್ಲಿ ಅವರು ತಮಗೇ ತಿಳಿಯದಂತೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು. ಅಂದರೆ ಏಳೆಂಟು ಇಡ್ಲಿಯಷ್ಟು. ಗಂಜಿ-ಚಟ್ನಿಯನ್ನು ಹಾಗೆ ಮೈಮರೆತು ತಿಂದವರನ್ನು ನಾನಂತೂ ಕಂಡಿಲ್ಲ.

ನೀನು ಪತ್ರದೊಳಗೆ ಇಟ್ಟು ಕಳುಹಿಸಿದ ‘ಒಂದು ಕೊಂಡರೆ ಒಂದು ಉಚಿತ’ ಕೂಪನ್ ಸಿಕ್ಕಿತು, ತುಂಬಾ ಸಂತೋಷ. ಹಿಂಭಾಗದ ಸಣ್ಣ ಅಕ್ಷರ ನನ್ನ ಕನ್ನಡಕಕ್ಕೆ ಕಾಣಲಿಲ್ಲ. ಮೊಮ್ಮಗಳು ಓದಿ ಹೇಳಿದಳು: ದೊಡ್ಡ ಕೂಲ್‌ಡ್ರಿಂಕ್ ಕೊಂಡರೆ ಮಾತ್ರ.